ಆದೋನಿಯ ಬಾಗಿಲು, ದೇರಳಕಟ್ಟೆಯ ಊಟದ ಕೋಣೆ

ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ದುಬೈಯಲ್ಲಿರುವ ನನ್ನ ತಮ್ಮ ವಾಟ್ಸ್ಆ್ಯಪ್‌ನಲ್ಲಿ ಹನ್ನೊಂದು ಫೋಟೊ ಕಳಿಸಿದ. ದೇರಳಕಟ್ಟೆಯ ಹತ್ತಿರ ಅವನು ಕಟ್ಟಿಸುತ್ತಿದ್ದ ಹೊಸ ಮನೆಯ ಊಟದ ಕೋಣೆ ಹೀಗಿರಬೇಕಂತೆ. ನೋಡಿದೆ. ಸವೆದಂತೆ ಕಾಣುವ ದಪ್ಪ ಹಲಗೆಯ ಉದ್ದ ಮೇಜು, ಎರಡು ಬದಿಗೆ ಬೆಂಚು, ಬಣ್ಣ ಅಲ್ಲಲ್ಲಿ ಎದ್ದುಹೋದ ಬಿಳಿ ಕಪಾಟು, ಗಾಜಿನ ಜಾಡಿಯೊಳಗೆ ಉರಿಯುವ ಬಲ್ಬು, ಗೋಡೆಗೆ ಮರದ ಹಲಗೆ. ಒಂದು ಫೋಟೊದಲ್ಲಿ ಗಾಡಿಯ ಚಕ್ರ ಕೂಡ ನೇತುಹಾಕಿದ್ದರು. ಕೆಳಗೆ ಬರೆದಿದ್ದ: ರಸ್ಟಿಕ್ ಫಾರ್ಮ್‌ಹೌಸ್ ಸ್ಟೈಲ್.

ಹಿಂದೆಯೇ ಒಂದು ವಾಯ್ಸ್ ಮೆಸೇಜು. "ನೀನು ಆದೋನಿಯಲ್ಲಿ ಇದ್ದಿಯಲ್ಲಾ, ಅಲ್ಲಿಯ ಹಳ್ಳಿಗಳಲ್ಲಿ ಹಳೇ ಮನೆ ಒಡೆಯುತ್ತಾ ಇರ್ತಾರೆ. ಒಂದು ಒಳ್ಳೆ ಹಳೇ ಬಾಗಿಲು ಸಿಕ್ಕಿದರೆ ನೋಡು. ಅದರಲ್ಲೇ ಡೈನಿಂಗ್ ಟೇಬಲ್ ಮಾಡಿಸುವ ಅಂತ."

ನನಗೆ ಮೊದಲು ಬಂದದ್ದು ನಗು. ಇಂಥದ್ದೇ ಸವೆದ ಹಲಗೆಯ ಮನೆಯಿಂದ ನಮ್ಮನ್ನು ಹೊರಗೆ ತರಲಿಕ್ಕೆ ನಮ್ಮ ಬಾಪ ಇಪ್ಪತ್ತೆರಡು ವರ್ಷ ಸೌದಿಯಲ್ಲಿ ದುಡಿದರು. ಬಣ್ಣ ಎದ್ದುಹೋದ ಕಪಾಟು ನಮ್ಮ ಮನೆಯಲ್ಲೂ ಇತ್ತು. ಮನೆಗೆ ಯಾರಾದರೂ ಬಂದರೆ ಉಮ್ಮ ಅದರ ಮುಂದೆ ಚಾದರ ಇಳಿಬಿಡುತ್ತಿದ್ದರು. ಈಗ ಅದೇ ಕಪಾಟಿಗೆ ದುಡ್ಡು ಕೊಟ್ಟು, ಹೊಸ ಬಣ್ಣ ಹಚ್ಚಿಸಿ, ಮತ್ತೆ ಮರಳು ಕಾಗದದಲ್ಲಿ ಉಜ್ಜಿಸಿ ಹಳತು ಮಾಡಿಸಬೇಕು!

ಆದರೆ ಇದು ನನ್ನ ತಮ್ಮನೊಬ್ಬನ ವಿಷಯ ಅಲ್ಲ. ಆ ಮೇಲೆ ನಮ್ಮ ಸಂಬಂಧಿಕರಲ್ಲೇ ಮೂರು ಹೊಸ ಮನೆಗಳಲ್ಲಿ ಇದೇ ಥರದ ಊಟದ ಕೋಣೆ ನೋಡಿದೆ. ಹಾಗಾಗಿ ಬರೆಯಬೇಕು ಅನ್ನಿಸಿತು. ಮೊದಲೇ ಹೇಳಿಬಿಡುತ್ತೇನೆ, ಈ ಸ್ಟೈಲಿಗೆ ನನ್ನ ವಿರೋಧ ಇಲ್ಲ. ಹಳ್ಳಿಮನೆಯ ಅಂದ ಊಟದ ಕೋಣೆಗೆ ಬರಲಿ. ಬರುವುದಾದರೆ ಆ ಮನೆಯ ಬಣ್ಣ ಮಾತ್ರ ಬೇಡ, ಅಲ್ಲಿಯ ಸಾಮಾನಿಗಿದ್ದ ಬಳಕೆಯೂ ಬರಲಿ. ಮತ್ತೆ ಅಲ್ಲಿದ್ದ ಒಂದು ತಪ್ಪನ್ನು ಅಲ್ಲೇ ಬಿಟ್ಟು ಬನ್ನಿ. ಆ ತಪ್ಪು ನಮ್ಮ ಮನೆಗಳಲ್ಲೂ ಇದೆ.

ಈ ಸ್ಟೈಲ್ ಎಲ್ಲಿಯದ್ದು?

ಫೋಟೊಗಳಲ್ಲಿ ಕಾಣುವ ಈ ಊಟದ ಕೋಣೆ ಅಮೆರಿಕದ ಹೊಲಮನೆಗಳ ನೆನಪಿನಲ್ಲಿ ಹುಟ್ಟಿದ್ದು. ಆ ಮನೆಗಳ ಅಡುಗೆಮನೆಯಲ್ಲಿ ಒಂದು ದೊಡ್ಡ ಮೇಜು. ಅದರ ಮೇಲೆಯೇ ಹಿಟ್ಟು ನಾದುವುದು, ತರಕಾರಿ ಹೆಚ್ಚುವುದು, ಮಕ್ಕಳ ಪಾಠ, ಎಲ್ಲರ ಊಟ. ದಿನಾ ಬಳಸಿ ಬಳಸಿ ಮೇಜು ಸವೆಯುತ್ತಿತ್ತು. ಆ ಸವೆತಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

2013ರಲ್ಲಿ ಅಮೆರಿಕದಲ್ಲಿ 'ಫಿಕ್ಸರ್ ಅಪ್ಪರ್' ಅಂತ ಒಂದು ಟಿವಿ ಕಾರ್ಯಕ್ರಮ ಶುರುವಾಯಿತು. ಟೆಕ್ಸಾಸಿನ ವೇಕೊ ಊರಿನ ಚಿಪ್ ಮತ್ತು ಜೋಆನಾ ಗೇನ್ಸ್ ಎಂಬ ಗಂಡ ಹೆಂಡತಿ ಹಳೇ ಮನೆಗಳನ್ನು ರಿಪೇರಿ ಮಾಡಿ ತೋರಿಸುತ್ತಿದ್ದರು. ಗೋಡೆಗೆ ಹೊಡೆಯುವ ಬಿಳಿ ಹಲಗೆ, ಹಳೇ ಮರದ ಮೇಜು, ಲೋಹದ ದೀಪ ಇವೆಲ್ಲ ಮನೆಮನೆಗೆ ಹಬ್ಬಿದ್ದರಲ್ಲಿ ಆ ಕಾರ್ಯಕ್ರಮದ ಪಾಲು ದೊಡ್ಡದು. ಅಲ್ಲಿಂದ ಇನ್‌ಸ್ಟಾಗ್ರಾಮ್, ಅಲ್ಲಿಂದ ಗಲ್ಫಿನ ಫರ್ನಿಚರ್ ಅಂಗಡಿ, ಅಲ್ಲಿಂದ ನಮ್ಮ ಹುಡುಗರ ಫೋನು. ದಾರಿ ಉದ್ದವಾದರೂ ಬಂದು ಮುಟ್ಟಲಿಕ್ಕೆ ಹೆಚ್ಚು ಸಮಯ ಬೇಕಾಗಲಿಲ್ಲ.

ಬಾಗಿಲು ಹುಡುಕಿಕೊಂಡು

ನನ್ನ ಗಂಡನ ಕಡೆಯವರು ಬಹಳ ವರ್ಷದಿಂದ ಆದೋನಿಯಲ್ಲಿ ಬೇಕರಿ ನಡೆಸುತ್ತಾರೆ. ಮದುವೆಯಾಗಿ ಬಂದಾಗ ನನಗೆ ಈ ಊರು ಬೇರೆ ಲೋಕದ ಹಾಗೆ ಕಂಡಿತ್ತು. ಬಂಡೆಗಳ ಬೆಟ್ಟದ ಮೇಲೆ ಕೋಟೆ, ಹತ್ತಿ ತುಂಬಿದ ಗಾಡಿಗಳು ಸಾಲುಗಟ್ಟುವ ಮಾರ್ಕೆಟ್ ಯಾರ್ಡು, ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಹಳೇ ಜಾಮಿಯಾ ಮಸೀದಿ. ಕನ್ನಡ ಮಾತಾಡುವವರು ಇದನ್ನು ಆದವಾನಿ ಅಂತಲೂ ಹೇಳುತ್ತಾರೆ. 1953ರಲ್ಲಿ ಆಂಧ್ರ ರಾಜ್ಯ ಆಗುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇವತ್ತಿಗೂ ಆಲೂರು, ಹೊಳಗುಂದ, ಕೌತಾಳಂ ಕಡೆಯ ಹಳ್ಳಿಗಳಿಗೆ ಹೋದರೆ ಕನ್ನಡದಲ್ಲಿ ಮಾತಾಡಿಸುವವರು ಸಿಗುತ್ತಾರೆ.

ಇನ್ನೊಂದು ವಿಷಯ ನಮ್ಮವರಿಗೆ ಹೇಳಬೇಕು. ಇಲ್ಲಿ ದೂದೇಕುಲ ಅಂತ ಒಂದು ಮುಸ್ಲಿಂ ಸಮುದಾಯ ಇದೆ. ಹತ್ತಿ ಹಿಂಜುವುದು, ಹಾಸಿಗೆ ಮಾಡುವುದು ಅವರ ಹಳೇ ಕಸುಬು. ಕರ್ನಾಟಕದಲ್ಲಿ ಪಿಂಜಾರ, ನದಾಫ್ ಅಂತ ಕರೆಯುವುದು ಇಂಥವರನ್ನೇ. ಇವರ ಮನೆಮಾತು ಹೆಚ್ಚಾಗಿ ತೆಲುಗು. "ನಿಮಗೆ ಉರ್ದು ಬರಲ್ವಾ?" ಅನ್ನುವ ಪ್ರಶ್ನೆ ಕೇಳಿಸಿಕೊಂಡು ಬೆಳೆದ ಬ್ಯಾರಿ ಹೆಣ್ಣಿಗೆ ಇವರನ್ನು ನೋಡಿದಾಗ ನಮ್ಮವರೇ ಸಿಕ್ಕಿದ ಹಾಗಾಯಿತು. ಇವರ ಕಸುಬಿನ ವಿಷಯ ಮುಂದೆ ಬರುತ್ತದೆ.

ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬಳು ಹುಡುಗಿ ತನ್ನ ಊರಿನಲ್ಲಿ ಹಳೇ ಮನೆ ಒಡೆಯುವವರಿದ್ದಾರೆ ಅಂದಳು. ಡಿಸೆಂಬರಿನ ಒಂದು ಭಾನುವಾರ ಅವಳ ಜೊತೆ ಹೋದೆ. ಹೊಳಗುಂದದ ಕಡೆಯ ಒಂದು ಸಣ್ಣ ಹಳ್ಳಿ. ಕಲ್ಲಿನ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಕಟ್ಟಿಗೆ ಹಾಸಿ ಚೌಳು ಮಣ್ಣು ಹೊದಿಸಿದ ಮಾಳಿಗೆ. ಒಳಗೆ ಬೆಳಕು ಬರುವುದು ಮೇಲಿನ ಒಂದು ಬೆಳಕಿಂಡಿಯಿಂದ. ಬಾಗಿಲು ನಿಜವಾಗಿ ಚೆನ್ನಾಗಿತ್ತು. ಮೂರಡಿ ಅಗಲ, ಆರಡಿಗಿಂತ ಸ್ವಲ್ಪ ಹೆಚ್ಚು ಎತ್ತರದ ಜೋಡಿ ಬಾಗಿಲು. ಕೈ ತಾಗಿ ತಾಗಿ ಅಗುಳಿಯ ಹತ್ತಿರ ಕನ್ನಡಿಯಂತೆ ನುಣುಪಾಗಿತ್ತು. ತಮ್ಮನ ಹನ್ನೊಂದು ಫೋಟೊಗಳಲ್ಲಿ ಯಾವುದಕ್ಕೂ ಇಂಥ ನುಣುಪು ಇರಲಿಲ್ಲ.

ಮನೆಯಲ್ಲಿ ಒಬ್ಬರು ಅಜ್ಜಿ ಮತ್ತು ಎರಡು ಸಣ್ಣ ಮಕ್ಕಳು ಮಾತ್ರ. ಮಗ, ಸೊಸೆ, ದೊಡ್ಡ ಮೊಮ್ಮಗಳು 'ಸುಗ್ಗಿ'ಗೆ ಹೋಗಿದ್ದರು. ನಮ್ಮ ಕಡೆ ಸುಗ್ಗಿ ಅಂದರೆ ಮನೆಗೆ ಬೆಳೆ ಬರುವ ಸಂತೋಷ. ಪಶ್ಚಿಮ ಕರ್ನೂಲಿನಲ್ಲಿ ಸುಗ್ಗಿ ಅಂದರೆ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆಗೆ ಮೆಣಸಿನಕಾಯಿ, ಹತ್ತಿ ಬಿಡಿಸುವ ಕೂಲಿಗೆ ಹೋಗುವುದು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಆದೋನಿ, ಆಲೂರು ಸುತ್ತಿನ ಹಳ್ಳಿಗಳಲ್ಲಿ ಬೀದಿಗೆ ಬೀದಿಯೇ ಖಾಲಿ. ದೊಡ್ಡ ಮಕ್ಕಳೂ ಅಪ್ಪ ಅಮ್ಮನ ಜೊತೆ ಹೊರಡುತ್ತಾರೆ. ಆ ಮನೆಯ ಗೂಟಕ್ಕೆ ಎಂಟನೇ ಕ್ಲಾಸಿನ ಹುಡುಗಿಯ ಶಾಲೆಯ ಚೀಲ ನೇತಾಡುತ್ತಿತ್ತು.

ಅಜ್ಜಿಗೆ ನನ್ನ ತಮ್ಮನ ಆಸೆ ಅರ್ಥವಾಗಲಿಲ್ಲ.

"ಈ ಹಳೇ ಬಾಗ್ಲ ತಗಂಡು ಏನ್ ಮಾಡ್ತೀರಮ್ಮಾ?"

"ಟೇಬಲ್ ಮಾಡಿ ಅದರ ಮೇಲೆ ಊಟ ಮಾಡ್ತಾರಂತೆ ಅವ್ವಾ."

"ಬಾಗ್ಲ ಮ್ಯಾಲೆ ಉಣ್ತಾರಾ!" ಅಂತ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆ ಮೇಲೆ ಹೇಳಿದರು, ಅವರಿಗೆ ಈ ಮನೆ ಸಾಕಾಗಿದೆ. "ಮಳಿ ಬಂದ್ರ ಸೋರ್ತದ. ಬ್ಯಾಸಿಗ್ಯಾಗ ಮ್ಯಾಲಿಂದ ಚೇಳು ಬೀಳ್ತಾವ." ಅವರಿಗೆ ಬೇಕಾದದ್ದು ಸಿಮೆಂಟಿನ ಸ್ಲ್ಯಾಬು, ಟೈಲ್ಸಿನ ನೆಲ. ನಮ್ಮ ಬಾಪನಿಗೆ ಬೇಕಾಗಿದ್ದೂ ಅದೇ ಅಲ್ಲವೇ?

ಊಟ ಮಾಡದೆ ಕಳಿಸಲಿಲ್ಲ. ಜೋಳದ ರೊಟ್ಟಿ, ಶೇಂಗಾ ಪುಡಿ, ಪುಂಡಿ ಪಲ್ಯ. ನಮ್ಮ ಪಿಂಡಿಗೂ ಅವರ ಪುಂಡಿಗೂ ಹೆಸರು ಮಾತ್ರ ಹತ್ತಿರ, ಅದು ಹುಳಿ ಸೊಪ್ಪು. ಕಲ್ಲಿನ ನೆಲ ತಣ್ಣಗಿತ್ತು. ಕೂರಲಿಕ್ಕೆ ಒಂದು ಹಳೇ ಕೌದಿ ಹಾಸಿದರು. ನೀವೂ ಬನ್ನಿ ಅಂದರೆ ಒಪ್ಪಲಿಲ್ಲ. ಈ ಮನೆಯಲ್ಲಿ ಎಲ್ಲಿ ಕೂತು ಊಟ ಮಾಡ್ತೀರಿ ಅಂತ ಕೇಳಿದೆ.

"ಗಂಡಸ್ರು ಪಡಸಾಲ್ಯಾಗ. ನಾವು ಒಲಿ ಮುಂದ. ಅವರು ಉಂಡ ಮ್ಯಾಲೆ."

ಎಷ್ಟು ಸಹಜವಾಗಿ ಹೇಳಿದರು ಅಂದರೆ, ನಾನೂ ಹೂಂ ಅಂದುಬಿಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ಮತ್ತೆ ನೆನಪಾಯಿತು. ಫೋಟೊಗಳಲ್ಲಿ ಇಲ್ಲದ ಫಾರ್ಮ್‌ಹೌಸ್ ಇದು.

ನಮ್ಮ ಮನೆಯ ಟೇಬಲ್

ಈಗ ನಮ್ಮ ಮನೆಗೆ ಬರೋಣ.

ನಾನು ಸಣ್ಣವಳಿದ್ದಾಗ ನೆಲದ ಮೇಲೆ ಸುಪ್ರ ಹಾಸುತ್ತಿದ್ದರು. ಅದರ ಸುತ್ತ ಕೂತು ಒಂದೇ ದೊಡ್ಡ ತಟ್ಟೆಯಿಂದ ಮೂರು ನಾಲ್ಕು ಜನ ತಿನ್ನುವುದು. ಆದೋನಿಯ ಉರ್ದು ಮಾತಾಡುವ ಮನೆಗಳಲ್ಲಿ ದಸ್ತರ್‌ಖಾನ್ ಅನ್ನುವುದು ಅದಕ್ಕೇ. ಬಾಪ ಮನೆ ಕಟ್ಟಿಸಿದ ಮೇಲೆ ಎಂಟು ಕುರ್ಚಿಯ ತೇಗದ ಟೇಬಲ್ ಬಂತು. ಮೇಲೆ ಗಾಜು, ಗಾಜಿನ ಮೇಲೆ ಪ್ಲಾಸ್ಟಿಕ್ ಹಾಸು, ಅದರ ಮೇಲೆ ಪ್ಲಾಸ್ಟಿಕ್ ಹೂವು. ಬಿಸಿ ಪಾತ್ರೆ ಇಟ್ಟರೆ ಗಾಜು ಒಡೆಯುತ್ತದೆ, ಕರಿ ಚೆಲ್ಲಿದರೆ ಕಲೆಯಾಗುತ್ತದೆ ಅಂತ ಹೆದರಿಕೆ. ಹಾಗಾಗಿ ಪಾತ್ರೆಗಳೆಲ್ಲ ಒಳಗೆ ಅಡುಗೆಮನೆಯಲ್ಲಿ. ಹೆಂಗಸರು ಒಳಗಿನಿಂದ ಬಡಿಸುತ್ತಲೇ ಇರಬೇಕು. ಪತ್ತಿರ್ ಬಿಸಿಯಾಗಿ ಒಂದೊಂದೇ ಹೊರಗೆ ಹೋಗಬೇಕು. ಗಂಡಸರು, ಮಕ್ಕಳು ಎದ್ದ ಮೇಲೆ ಉಮ್ಮ, ನಾನು, ಅತ್ತಿಗೆ ವರ್ಕ್ ಏರಿಯಾದಲ್ಲಿ ಮಣೆಯ ಮೇಲೆ ಕೂತು, ಉಳಿದ ಮೀನಿನ ತುಂಡು ನೋಡಿಕೊಂಡು ತಿನ್ನುವುದು.

ಬಾಪ ತೀರಿಕೊಂಡ ಮೇಲೆ ಒಂದು ದಿನ ಲೆಕ್ಕ ಹಾಕಿದೆ. ಆ ಟೇಬಲ್ ಬಂದು ಹತ್ತೊಂಬತ್ತು ವರ್ಷ ಆಗಿತ್ತು. ಉಮ್ಮ ಅದರ ಮುಂದೆ ಕೂತು ಊಟ ಮಾಡಿದ್ದು ನನಗೆ ನೆನಪೇ ಇಲ್ಲ. ದಿನಾ ಒರೆಸಿದ್ದು ಅವರು. ಕಡೆಕಡೆಗೆ ಮೊಣಕಾಲು ನೋವಿಗೆ ಮಣೆಯ ಮೇಲೆ ಕೂರಲಿಕ್ಕಾಗದೆ ಸಿಂಕಿನ ಪಕ್ಕ ನಿಂತೇ ತಿನ್ನುತ್ತಿದ್ದರು. ಎಂಟು ಕುರ್ಚಿ ಖಾಲಿ ಇದ್ದ ಮನೆಯಲ್ಲಿ.

ದಾರಿಯಲ್ಲಿ ಸಿಕ್ಕಿದವರನ್ನೂ "ಚೋರ್ ಬೆಯ್ಚಾ?" ಅಂತ ಕೇಳುವ ಸಮುದಾಯ ನಮ್ಮದು. ಉಂಡಿರಾ ಅಂತ ಎಲ್ಲರನ್ನೂ ಕೇಳುತ್ತೇವೆ. ಬಡಿಸಿದವಳನ್ನು ಕೇಳುವುದು ಎಷ್ಟು ಮನೆಗಳಲ್ಲಿ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹೊರಗಿನ ಗಂಡಸರು ಬಂದಾಗ ಹೆಂಗಸರು ಬೇರೆ ಕೂರುವ ರೂಢಿಯ ಬಗ್ಗೆ ನಾನು ಹೇಳುತ್ತಿಲ್ಲ. ಮದುವೆ ಮನೆಯ ವಿಷಯವೂ ಅಲ್ಲ. ವರ್ಷದಲ್ಲಿ ಮುನ್ನೂರು ದಿನ ನಮ್ಮ ಮನೆಗೆ ಅತಿಥಿಗಳು ಬರುವುದಿಲ್ಲ. ಆ ಮುನ್ನೂರು ದಿನ ಟೇಬಲಿನ ಸುತ್ತ ಇರುವುದು ಗಂಡ, ಹೆಂಡತಿ, ಮಕ್ಕಳು, ತಾಯಿ. ಆ ದಿನಗಳಲ್ಲೂ ಹೆಂಗಸರ ಊಟ ಕೊನೆಗೇ ಯಾಕೆ? ಬಡಿಸುವವರು ಬೇಕಲ್ಲ ಅನ್ನುತ್ತಾರೆ. ಪಾತ್ರೆ ಟೇಬಲಿನ ಮೇಲೆ ಇಟ್ಟರೆ ಬಡಿಸುವವರು ಬೇಡ. ಪಾತ್ರೆ ಇಡಲಿಕ್ಕೆ ಬಿಡದ ಟೇಬಲ್ ಮಾಡಿಸಿದ್ದು ನಾವೇ.

ನನಗೆ ರಸ್ಟಿಕ್ ಸ್ಟೈಲ್ ಮೇಲೆ ಸ್ವಲ್ಪ ಪ್ರೀತಿ ಬಂದದ್ದು ಈ ಕಾರಣಕ್ಕೆ. ಅದರ ಮೂಲದಲ್ಲಿ ಒಂದು ಒಳ್ಳೆಯ ಬುದ್ಧಿ ಇದೆ. ಗೀರು ಬಿದ್ದರೆ ಬೀಳಲಿ, ಕಲೆಯಾದರೆ ಆಗಲಿ, ಮೇಜು ಇರುವುದು ಬಳಸಲಿಕ್ಕೆ. ತಮ್ಮನಿಗೆ ಫೋನ್ ಮಾಡಿ ಇಷ್ಟೇ ಹೇಳಿದೆ, "ನಿನ್ನ ಫಾರ್ಮ್‌ಹೌಸ್ ಟೇಬಲಿನ ಮೇಲೆ ಬಿಸಿ ಗಂಜಿ ಪಾತ್ರೆ ನೇರ ಇಡಬಹುದಾ? ಉಮ್ಮನಿಗೆ ಅಲ್ಲಿ ಜಾಗ ಇದೆಯಾ? ಎರಡಕ್ಕೂ ಹೌದು ಅಂದರೆ ಬಾಗಿಲು ಕಳಿಸ್ತೇನೆ."

ಬಾಗಿಲಿನ ಬೆಲೆ

ಮಗ ಊರಿಗೆ ಬರುವವರೆಗೆ ಬಾಗಿಲು ಕೊಡುವುದಿಲ್ಲ ಅಂತ ಅಜ್ಜಿ ಹೇಳಿದ್ದರು. ಮಾರ್ಚ್ ಕೊನೆಗೆ ಅವರು ಗುಂಟೂರಿನಿಂದ ವಾಪಸು ಬಂದರು. ಅಷ್ಟರಲ್ಲಿ ಒಬ್ಬ ಗುಜರಿ ವ್ಯಾಪಾರಿ ಕಟ್ಟಿಗೆಯ ಲೆಕ್ಕದಲ್ಲಿ 2,000 ರೂಪಾಯಿಗೆ ಕೇಳಿಹೋಗಿದ್ದ. ಅಂಥದ್ದೇ ಬಾಗಿಲಿಗೆ ಬೆಂಗಳೂರಿನ ಒಂದು ಅಂಗಡಿಯವರು 55,000 ಹೇಳಿದ್ದನ್ನು ತಮ್ಮ ನನಗೆ ಕಳಿಸಿದ್ದ. ಮಧ್ಯದ 53,000 ಯಾರ ಕೈಗೆ ಹೋಗುತ್ತದೆ? ಸುಗ್ಗಿಗೆ ಹೋಗಿ ಬಂದವರ ಕೈಗಂತೂ ಅಲ್ಲ.

ನಾನು ಆ ಮಗನಿಗೆ ಬೆಂಗಳೂರಿನ ಫೋಟೊ ತೋರಿಸಿದೆ. ನನ್ನ ತಮ್ಮನಿಗೆ ಸಿಟ್ಟು ಬಂತು, "ಫೋಟೊ ಯಾಕೆ ತೋರಿಸಿದ್ದು? ಇನ್ನು ಅವನು ಕಮ್ಮಿಗೆ ಕೊಡ್ತಾನಾ?" ಕಮ್ಮಿಗೆ ಕೊಡಲಿಲ್ಲ. 20,000ಕ್ಕೆ ಮಾತಾಯಿತು, ಲಾರಿ ಬಾಡಿಗೆ ನಮ್ಮದು. ಅಜ್ಜಿ ಒಂದೇ ಶರತ್ತು ಹಾಕಿದರು. "ಬಾಗ್ಲ ಒಯ್ರಿ, ಹೊಸ್ಲು ಮಾತ್ರ ಕೊಡಂಗಿಲ್ಲ." ದಿನಾ ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಅದು. ಹೊಸ ಮನೆಗೂ ಅದನ್ನೇ ಹಾಕಿಸುತ್ತಾರಂತೆ.

ವ್ಯಾಪಾರ ನಮ್ಮ ಸಮುದಾಯದ ರಕ್ತದಲ್ಲೇ ಇದೆ ಅನ್ನುತ್ತಾರೆ. ಮರದ ವ್ಯಾಪಾರದಲ್ಲಿ ನಮ್ಮವರು ಎಷ್ಟೋ ಜನ ಇದ್ದಾರೆ. ಅವರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಆದರೆ ಹಳೇ ಮರ ಕೊಳ್ಳುವ ಮನೆಯವರು ಒಂದು ಪ್ರಶ್ನೆ ಕೇಳಿ: ಇದು ಯಾರ ಮನೆಯದು, ಅವರಿಗೆ ಎಷ್ಟು ಸಿಕ್ಕಿತು? ಗೋಡೆಯ ಅಂದಕ್ಕೆ ಲಕ್ಷಗಟ್ಟಲೆ ಸುರಿಯುವವರು ಬಾಗಿಲು ಕೊಟ್ಟವರ ಹತ್ತಿರ ಚೌಕಾಶಿ ಮಾಡುವುದು ಚೆನ್ನಾಗಿ ಕಾಣುವುದಿಲ್ಲ.

ಆಚಾರಿ ಹೇಳಿದ್ದು

ಬಾಗಿಲು ದೇರಳಕಟ್ಟೆ ಮುಟ್ಟಿತು. ಆದರೆ ಟೇಬಲ್ ಆಗಲಿಲ್ಲ!

ತಮ್ಮ ಕರೆಸಿದ ಆಚಾರಿ ಬಾಗಿಲನ್ನು ತಿರುಗಿಸಿ ನೋಡಿ, ಇದು ಊಟಕ್ಕೆ ಆಗುವ ಮರ ಅಲ್ಲ ಅಂದರು. ಹಲಗೆಗಳ ನಡುವೆ ಸಂದು, ಮೇಲೆ ಉಬ್ಬು ಪಟ್ಟಿ, ಕಬ್ಬಿಣದ ಮೊಳೆ. ಸಂದಿಗೆ ಅನ್ನದ ಅಗುಳು ಹೋದರೆ ಇರುವೆ, ಜಿರಳೆ. ಮೇಲೆ ಗಾಜು ಹಾಕಿದರೆ ನಮ್ಮ ಕರಾವಳಿಯ ಹವೆಗೆ ಗಾಜಿನ ಕೆಳಗೆ ಬೂಸ್ಟು. ಅಲ್ಲಿಗೆ ಮತ್ತೆ ಗಾಜಿನ ಟೇಬಲೇ ಆಯಿತಲ್ಲ! ಅವರ ಮಾತು ಕೇಳಿ, ಆ ಜೋಡಿ ಬಾಗಿಲನ್ನು ಊಟದ ಕೋಣೆಯ ಪಾತ್ರೆ ಕಪಾಟಿಗೆ ಬಾಗಿಲಾಗಿಯೇ ಹಾಕಿದರು. ಬಾಗಿಲಿಗೆ ಅದೇ ಕೆಲಸ ಚೆಂದ.

ಟೇಬಲಿಗೆ ಹಲಸಿನ ಮರ ಸಿಕ್ಕಿತು. ಉಮ್ಮನ ತವರಿನ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಮರವನ್ನು ಸಿಗಿಸಿ ಮಾವ ಅಟ್ಟದಲ್ಲಿ ಇಟ್ಟಿದ್ದರು. ಇಷ್ಟು ದೂರ ಹುಡುಕಿದ ರಸ್ಟಿಕ್ ಮನೆಯ ಅಟ್ಟದಲ್ಲೇ ಇತ್ತು. ಆ ಅನುಭವದಿಂದ ಕಲಿತ ಕೆಲವು ವಿಷಯ, ಹೊಸ ಮನೆ ಕಟ್ಟುವವರಿಗೆ:

ಹಳೇ ಮರ ತರುವುದಾದರೆ ಸಣ್ಣ ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಇದೆಯಾ ನೋಡಿ. ಇದ್ದರೆ ಒಳಗೆ ಹುಳ ಇನ್ನೂ ಇದೆ ಅಂತ ಅರ್ಥ. ಮದ್ದು ಹೊಡೆಸದೆ ಒಳಗೆ ತರಬೇಡಿ, ಹೊಸ ಕಿಟಕಿ ಬಾಗಿಲಿಗೂ ಹಬ್ಬುತ್ತದೆ.

ಒಣ ಸೀಮೆಯ ಮರ ಕರಾವಳಿಗೆ ಬಂದರೆ ಉಬ್ಬುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಆದೋನಿಯಲ್ಲಿ ಅದರ ಐದರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ತಂದ ಮರವನ್ನು ಕೆಲವು ವಾರ ಮನೆಯೊಳಗೆ ಸುಮ್ಮನೆ ಇಟ್ಟು, ಇಲ್ಲಿಯ ಹವೆಗೆ ಹೊಂದಿದ ಮೇಲೆ ಕೆಲಸ ಶುರು ಮಾಡಿಸಿ. ಕಪಾಟಿನ ಬಾಗಿಲಿಗೆ ಸುತ್ತ ಸ್ವಲ್ಪ ಸಂದು ಬಿಡಿಸಿ.

ಟೇಬಲಿನ ಎತ್ತರ ಎರಡೂವರೆ ಅಡಿ, ಬೆಂಚು ಒಂದೂವರೆ ಅಡಿ. ಒಬ್ಬೊಬ್ಬರಿಗೆ ಎರಡು ಅಡಿ ಜಾಗ ಬೇಕು. ಇಷ್ಟು ಲೆಕ್ಕ ಹಾಕುವಾಗ ಮನೆಯ ಹೆಂಗಸರನ್ನೂ ಸೇರಿಸಿ ಲೆಕ್ಕ ಹಾಕಿ. "ಆರು ಜನರ ಟೇಬಲ್ ಸಾಕು" ಅನ್ನುವ ಎಂಟು ಜನರ ಮನೆಗಳನ್ನು ನಾನು ನೋಡಿದ್ದೇನೆ.

ಬಡಿಸುವ ಪಾತ್ರೆ ಇಡಲಿಕ್ಕೆ ಗೋಡೆ ಬದಿಗೆ ಒಂದು ಕಡಪ ಕಲ್ಲಿನ ಕಟ್ಟೆ ಮಾಡಿಸಿದರೆ ಒಳ್ಳೆಯದು. ಆದರೆ ಅದು ಸುಣ್ಣದ ಜಾತಿಯ ಕಲ್ಲು. ಹುಣಸೆ ಹುಳಿ, ಲಿಂಬೆ ರಸ ಚೆಲ್ಲಿ ಹಾಗೇ ಬಿಟ್ಟರೆ ಹೊಳಪು ಹೋಗುತ್ತದೆ. ನಮ್ಮ ಮೀನು ಸಾರಿನ ಮನೆಗಳಲ್ಲಿ ಕೂಡಲೇ ಒರೆಸುವ ಅಭ್ಯಾಸ ಬೇಕು.

ಬೆಂಚಿನ ಮೇಲೆ ಹಾಸಲಿಕ್ಕೆ ಆದೋನಿಯ ದೂದೇಕುಲ ಮನೆಯೊಂದರಲ್ಲಿ ಹತ್ತಿಯ ಸಣ್ಣ ಹಾಸಿಗೆ ಹೊಲಿಸಿದೆ. ಫೋಮಿನ ಹಾಗೆ ಬೆವರುವುದಿಲ್ಲ. ಗಟ್ಟಿಯಾದರೆ ಬಿಚ್ಚಿ ಮತ್ತೆ ಹಿಂಜಿಸಬಹುದು. ಮಳೆಗಾಲದಲ್ಲಿ ಮಾತ್ರ ಬಿಸಿಲು ಕಂಡ ದಿನವೆಲ್ಲ ಹೊರಗೆ ಹಾಕಬೇಕು.

ಗೋಡೆಗೆ ಬಿಳಿ ಹಲಗೆ ಹೊಡೆಸುವುದನ್ನು ಮಾತ್ರ ನಾನು ಬೇಡವೇ ಬೇಡ ಅಂದೆ. ಕರಾವಳಿಯಲ್ಲಿ ಹಲಗೆಯ ಹಿಂದೆ ತೇವ, ಗೆದ್ದಲು. ನಮ್ಮ ಊರಿನ ಹಳ್ಳಿಮನೆಗೆ ತನ್ನದೇ ಗೋಡೆ ಇದೆಯಲ್ಲ, ಕೆಂಪು ಕಲ್ಲು. ಒಂದು ಗೋಡೆಗೆ ಗಾರೆ ಮಾಡದೆ ಕಲ್ಲನ್ನು ಹಾಗೇ ಬಿಟ್ಟರೆ ಸಾಕು. ಕೆಂಪು ನೆಲ ಇದೆ, ಈಳಿಗೆಮಣೆ ಇದೆ, ಮಣ್ಣಿನ ಮೀನು ಚಟ್ಟಿ ಇದೆ. ಮಂಗಳೂರು ಹೆಂಚು ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿಯ ಸೀಮೆಯಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಅಜ್ಜ ಅಜ್ಜಿಯರ ಎಷ್ಟೋ ಮನೆಗಳು ಅದರ ಕೆಳಗೇ ಬಾಳಿದವು. ಟೆಕ್ಸಾಸಿನ ಹೊಲಮನೆ ಟೆಕ್ಸಾಸಿಗೆ ಸರಿ. ಆದೋನಿಯ ಮಣ್ಣಿನ ಮಾಳಿಗೆ ಆದೋನಿಗೆ ಸರಿ. ನಮ್ಮ ಮಳೆಗೆ ಯಾವುದು ನಿಂತಿತು ಅನ್ನುವುದು ನಮ್ಮ ಉಮ್ಮಂದಿರಿಗೆ ಗೊತ್ತಿದೆ. ಇಂಟೀರಿಯರ್ ಮಾಡುವವರನ್ನು ಕೇಳುವ ಮೊದಲು ಅವರನ್ನು ಒಮ್ಮೆ ಕೇಳಿ.

ಮನೆ ಒಕ್ಕಲಿನ ಮರುದಿನ

ಹೋದ ವರ್ಷ ತಮ್ಮನ ಮನೆ ಒಕ್ಕಲು ಆಯಿತು. ಆ ದಿನ ಶಾಮಿಯಾನ, ಬಿರಿಯಾನಿ, ಜನ, ಗದ್ದಲ. ಊಟದ ಕೋಣೆಯ ಫೋಟೊ ತೆಗೆಯದವರಿಲ್ಲ. ಕಪಾಟಿನ ಬಾಗಿಲು ಎಲ್ಲಿಂದ ತಂದದ್ದು, ಎಷ್ಟಾಯಿತು ಅಂತ ಎಲ್ಲರೂ ಕೇಳಿದರು. ತಮ್ಮ 20,000 ಅಂದರೆ ಕೆಲವರು ಮೋಸ ಹೋದೆ ಅಂದರು, ಕೆಲವರು ಅಗ್ಗ ಅಂದರು.

ನಿಜವಾದ ಪರೀಕ್ಷೆ ಮರುದಿನ ರಾತ್ರಿ. ಮನೆಯವರೇ ಒಂಬತ್ತು ಜನ. ಕುಚ್ಚಲಕ್ಕಿ ಅನ್ನದ ಪಾತ್ರೆ, ಮೀನು ಸಾರಿನ ಚಟ್ಟಿ, ಉಪ್ಪಿನಕಾಯಿ ಎಲ್ಲ ಟೇಬಲಿನ ಮಧ್ಯಕ್ಕೆ ಬಂತು. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ನಾದಿನಿ ಮೂರು ಸಲ ಎದ್ದಳು, ನೀರು ತರಲಿಕ್ಕೆ, ಹಪ್ಪಳ ತರಲಿಕ್ಕೆ, ಮತ್ತೆ ಯಾವುದಕ್ಕೋ. ನಾಲ್ಕನೇ ಸಲ ಅವಳು ಏಳುವ ಮೊದಲು ತಮ್ಮನ ಹನ್ನೆರಡು ವರ್ಷದ ಮಗ ಎದ್ದು ಹೋಗಿ ಉಪ್ಪು ತಂದ. ಯಾರೂ ಅವನನ್ನು ಹೊಗಳಲಿಲ್ಲ. ಹೊಗಳದೆ ಇದ್ದದ್ದು ಒಳ್ಳೆಯದಾಯಿತು, ಅದು ಹೊಗಳುವ ಕೆಲಸ ಅಲ್ಲ.

ಉಮ್ಮ ಕೂತರು. ಎರಡು ತುತ್ತು ತಿಂದು ಸೊಂಟ ಹಿಡಿದುಕೊಂಡು ಹೇಳಿದರು, "ಇದೆಂಥ ಬೆಂಚು, ಒರಗಲಿಕ್ಕೆ ಏನೂ ಇಲ್ಲ!" ಹನ್ನೊಂದು ಫೋಟೊಗಳಲ್ಲಿ ಯಾವುದರಲ್ಲೂ ಮೊಣಕಾಲು ನೋವಿನ ಉಮ್ಮ ಇರಲಿಲ್ಲ, ಹಾಗಾಗಿ ಬೆಂಚಿಗೆ ಬೆನ್ನು ಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ತಮ್ಮ ಎದ್ದು ಹೋಗಿ ಹಳೇ ಮನೆಯಿಂದ ತಂದಿಟ್ಟಿದ್ದ ತೇಗದ ಕುರ್ಚಿಯೊಂದನ್ನು ತಂದು ಟೇಬಲಿನ ತಲೆಯ ಬದಿಗೆ ಹಾಕಿದ. ಪಾಲಿಶ್ ಹೊಳೆಯುವ ಕುರ್ಚಿ. ಸೀಟಿಗೆ ಆಗಿನ ಮೆರೂನ್ ಬಣ್ಣದ ರೆಕ್ಸಿನ್. ಆ ಕೋಣೆಯ ಯಾವ ಸ್ಟೈಲಿಗೂ ಹೊಂದುವುದಿಲ್ಲ.

ಆ ಕುರ್ಚಿ ಈಗಲೂ ಅಲ್ಲೇ ಇದೆ. ಮನೆ ನೋಡಲಿಕ್ಕೆ ಬಂದವರು ಫೋಟೊ ತೆಗೆಯುವಾಗ ಅದನ್ನು ಸ್ವಲ್ಪ ಬದಿಗೆ ಸರಿಸುತ್ತಾರಂತೆ. ಊಟದ ಹೊತ್ತಿಗೆ ತಮ್ಮ ಮತ್ತೆ ಅದೇ ಜಾಗಕ್ಕೆ ತಂದು ಹಾಕುತ್ತಾನೆ.